ಸುಳ್ಳು ಇರುವುದು ಯಾವ ಕಣದಲ್ಲಿ?

ಟಿವಿಯಲ್ಲಿ ಡಬ್ಲ್ಯುಡಬ್ಲ್ಯುಇ ಕುಸ್ತಿ ಹಚ್ಚಿದರೆ ಸಾಕು, ‘ಎಲ್ಲಾ ಸುಳ್ಳ, ಮೊದಲ ಮಾತಾಡಿಕೊಂಡಿರತಾರ’ ಎಂಬ ತೀರ್ಪು ಬಂದೇ ಬರುತ್ತದೆ. ಮಾತಾಡಿಕೊಂಡಿರುವುದೇನೋ ನಿಜ. ಗೆಲ್ಲುವವರು ಯಾರೆಂಬುದು ರಿಂಗಿಗೆ ಇಳಿಯುವ ಮೊದಲೇ ತೀರ್ಮಾನವಾಗಿರುತ್ತದೆ. 1989ರಲ್ಲಿ ಆ ಕಂಪನಿಯವರೇ ಅಮೆರಿಕದ ನ್ಯೂಜೆರ್ಸಿ ರಾಜ್ಯದಲ್ಲಿ ತಮ್ಮದು ಸ್ಪರ್ಧೆಯಲ್ಲ, ಮನರಂಜನೆ ಎಂದು ಒಪ್ಪಿಕೊಂಡರು. (ಸತ್ಯದ ಮೇಲಿನ ಪ್ರೀತಿಯಿಂದಲ್ಲ, ಕ್ರೀಡೆಯ ಮೇಲಿನ ತೆರಿಗೆ, ಕಟ್ಟುಪಾಡು ತಪ್ಪಲೆಂದು!) ಆದರೆ ಕೊನೆ ಮೊದಲೇ ಗೊತ್ತಿರುವುದೆಲ್ಲ ಸುಳ್ಳೆನ್ನುವುದಾದರೆ ಬೈಲಹೊಂಗಲದಲ್ಲೇ ನಡೆದ ಕತೆಯ ‘ಸಂಗ್ಯಾ ಬಾಳ್ಯಾ’ ಸಣ್ಣಾಟಕ್ಕೆ ಏನನ್ನೋಣ? ಬಾಳ್ಯಾ ಕೈಕೊಡುತ್ತಾನೆ, ಸಂಗ್ಯಾ ಕೊಲೆಯಾಗುತ್ತಾನೆ ಎಂಬುದು ಈ ಸೀಮೆಯ ಹುಡುಗರಿಗೂ ಗೊತ್ತು. ಆದರೂ ಜನ ಬೆಳತನಕ ಕೂತು ನೋಡುತ್ತಾರೆ. ಸಂಗ್ಯಾನನ್ನು ಕೊಲ್ಲುವ ಈರ್ಯಾನ ಪಾತ್ರಧಾರಿ ನಿಜವಾಗಿ ಕೊಲ್ಲಲಿಲ್ಲವೆಂದು ಯಾರೂ ತಕರಾರು ತೆಗೆದಿಲ್ಲ.

ಸಣ್ಣಾಟದಲ್ಲಿ ಏಟು ಬೀಳುವುದಿಲ್ಲ, ಡಬ್ಲ್ಯುಡಬ್ಲ್ಯುಇ ರಿಂಗಿನಲ್ಲಿ ಬೀಳುತ್ತದೆ. ರಿಂಗಿನ ಹಾಸಿನ ಕೆಳಗಿರುವುದು ತೆಳ್ಳನೆಯ ಫೋಮು, ಅದರಡಿ ಮರದ ಹಲಗೆ, ಉಕ್ಕಿನ ಚೌಕಟ್ಟು. ಗದ್ದವನ್ನು ಎದೆಗೆ ಒತ್ತಿ, ಕೈಯಗಲಿಸಿ, ಭಾರವನ್ನೆಲ್ಲ ಬೆನ್ನಿಗೆ ಹಂಚಿ ಬೀಳುವುದನ್ನು ವರ್ಷಗಟ್ಟಲೆ ಕಲಿತವರೂ ಕುತ್ತಿಗೆ, ಮೊಣಕಾಲು ಕಳೆದುಕೊಂಡಿದ್ದಾರೆ. 1999ರ ಮೇ 23ರಂದು ಕಾನ್ಸಾಸ್ ಸಿಟಿಯಲ್ಲಿ ಓವನ್ ಹಾರ್ಟ್ ಎಂಬ ಪೈಲ್ವಾನ ಮೇಲಿನಿಂದ ಹಗ್ಗದಲ್ಲಿ ಇಳಿದುಬರುವ ದೃಶ್ಯಕ್ಕೆ ಸಜ್ಜಾಗಿದ್ದಾಗ ಕೆಳಗೆ ಬಿದ್ದು ಸತ್ತ. ದೃಶ್ಯ ಹೂಡಿದ್ದಾದರೂ ಸಾವು ಹೂಡಿದ್ದಾಗಿರಲಿಲ್ಲ.

ಸಣ್ಣಾಟದವರು ತಮ್ಮದು ಆಟವೆಂದೇ ಹೇಳುತ್ತಾರೆ, ರಿಂಗಿನವರು ದಶಕಗಟ್ಟಲೆ ಮುಚ್ಚಿಟ್ಟರಲ್ಲ ಎಂದು ಯಾರಾದರೂ ಕೇಳಿದರೆ ಆ ಆಕ್ಷೇಪಣೆ ಗಟ್ಟಿಯಾದದ್ದೇ. ಮುಚ್ಚಿಟ್ಟಷ್ಟು ಕಾಲ ಅದು ಮೋಸವೇ ಆಗಿತ್ತು. ಗುಟ್ಟು ಬಯಲಾದ ಮೇಲೆ, ಎಲ್ಲ ತಿಳಿದೇ ಟಿಕೆಟ್ ಕೊಳ್ಳುವ ಪ್ರೇಕ್ಷಕನಿಗೆ ಮೋಸ ಎಲ್ಲಿಂದ ಬಂತು? ಸುಳ್ಳಾಗುವುದು ಕೊಟ್ಟ ಮಾತು ತಪ್ಪಿದಾಗ.

ಆ ಅಳತೆಗೋಲನ್ನು ನಮ್ಮ ಕಣಕ್ಕೂ ಹಿಡಿಯಬೇಕು. ಕಿತ್ತೂರು ಉತ್ಸವವಿರಲಿ, ಮನೋಳಿ, ರಾಮದುರ್ಗ ಕಡೆಯ ಜಾತ್ರೆಯಿರಲಿ, ‘ಜಂಗಿ ನಿಕಾಲಿ ಕುಸ್ತಿ’ ಎಂದು ಕರಪತ್ರ ಹಂಚಿದರೆ ಅದು ಊರಿಗೆ ಕೊಟ್ಟ ಮಾತು: ಒಬ್ಬ ಚಿತ್ ಆಗುವ ತನಕ ಬಿಡುವುದಿಲ್ಲ. ಆ ಮಾತು ನಂಬಿ ಜನ ವಂತಿಗೆ ಕೊಡುತ್ತಾರೆ, ಹಲಗಿಯ ಸಪ್ಪಳಕ್ಕೆ ಬಿಸಿಲಲ್ಲಿ ಕಾಯುತ್ತಾರೆ, ಗರಡಿಯ ಹುಡುಗ ನಸುಕಿಗೆದ್ದು ತಾಲೀಮು ಮಾಡುತ್ತಾನೆ. ಅಂಥ ಕಣದಲ್ಲಿ ಜೋಡಿ ಒಳಗೊಳಗೇ ಹೊಂದಿಕೊಂಡು, ಹೆಗಲಿಗೆ ಹೆಗಲು ಆನಿಸಿ ಹೊತ್ತು ಕಳೆದು, ಸಮ ಮಾಡಿಸಿಕೊಂಡು ಇನಾಮು ಹಂಚಿಕೊಂಡರೆ ಅದು ಅಪ್ಪಟ ಸುಳ್ಳು ಕುಸ್ತಿ. ದೊಡ್ಡ ಪೈಲ್ವಾನರು ಪೆಟ್ಟು ಮಾಡಿಕೊಂಡರೆ ಹಂಗಾಮೇ ಹೋಗುತ್ತದೆ, ಹೊಟ್ಟೆಪಾಡು ನೋಡಬೇಡವೆ ಎನ್ನುವವರಿದ್ದಾರೆ. ನೋಡಬೇಕು, ಆದರೆ ಬಹಿರಂಗವಾಗಿ. ಜಾತ್ರಾ ಕಮಿಟಿಯವರು ಅಂಥ ಜೋಡಿಯ ಮುಂದೆ ‘ಪ್ರದರ್ಶನ ಕುಸ್ತಿ’ ಎಂದೇ ಅಚ್ಚು ಹಾಕಿಸಲಿ. ನಿಕಾಲಿ ಎಂದು ಬರೆದ ಮೇಲೆ ಮಾತ್ರ, ಬೆನ್ನು ಮಣ್ಣಿಗೆ ಹತ್ತುವ ತನಕ ಬೆಳ್ಳಿ ಕಡಗ ಯಾರ ಕೈಗೂ ತೊಡಿಸಬೇಡಿ.