ರಾತ್ರಿ ಶಾಲೆ ಯಾರ ಸಲುವಾಗಿ?

ನಮ್ಮ ಸಂಘದ ಕಾರ್ಯಕಾರಿ ಮಂಡಲಿಯವರು ಕೆಲಸಗಾರರ ಸಲುವಾಗಿ ಒಂದು ರಾತ್ರಿ ಶಾಲೆಯನ್ನು ತೆರೆಯತಕ್ಕದ್ದೆಂದು ಸೂಚಿಸಿರುವರಷ್ಟೆ. ಸಭೆಯಲ್ಲಿ ಅದನ್ನು ವಿರೋಧಿಸಿದವನು ನಾನೊಬ್ಬನೇ. ಅಂದಿನಿಂದ ಕೆಲವು ಮಿತ್ರರು ನನ್ನನ್ನು ವಿದ್ಯಾದ್ವೇಷಿಯೆಂದು ಕರೆಯಲಾರಂಭಿಸಿರುವರು. ಬಿರುದುಗಳಿಗೆ ಹೆದರುವ ವಯಸ್ಸು ನನಗೆ ದಾಟಿತು. ಆದರೂ ವಿರೋಧದ ಕಾರಣವನ್ನು ವಾಚಕರ ಮುಂದಿಡುವುದು ನ್ಯಾಯವೆಂದು ತೋರಿ ಈ ನಾಲ್ಕು ಮಾತುಗಳನ್ನು ಬರೆಯುತ್ತಿದ್ದೇನೆ.

ಮಾರಿಕುಪ್ಪದಿಂದ ಬೆಂಗಳೂರಿಗೆ ಹೊರಡುವ ಬೆಳಗಿನ ರೈಲುಗಾಡಿಯನ್ನು ನಮ್ಮ ಮಿತ್ರರು ಎಂದಾದರೂ ನೋಡಿರುವರೋ ಇಲ್ಲವೋ ಕಾಣೆ. ಬುತ್ತಿಯ ಡಬ್ಬಿಯನ್ನು ಹಿಡಿದು, ನಿಲ್ಲುವುದಕ್ಕೂ ಎಡೆಯಿಲ್ಲದ ಡಬ್ಬಿಗಳಲ್ಲಿ ಸಾವಿರಾರು ಜನರು ಅಲ್ಲಿಗೆ ಹೋಗಿ, ಕಾವಲುಗಾರರಾಗಿ, ಅಂಗಡಿಯಾಳುಗಳಾಗಿ, ಕಟ್ಟಡದ ಕೆಲಸದವರಾಗಿ ದುಡಿದು, ಕತ್ತಲಾದ ಮೇಲೆ ಹಿಂದಿರುಗುವರು. ಕಣ್ಣು ತಾನಾಗಿ ಮುಚ್ಚುತ್ತಿರುವ ಈ ಮನುಷ್ಯನನ್ನು ರಾತ್ರಿ ಎಂಟು ಘಂಟೆಗೆ ಬೆಂಚಿನ ಮೇಲೆ ಕೂರಿಸಿ ಪಾಠ ಹೇಳುವೆವೆಂದರೆ, ಅದು ವಿದ್ಯಾದಾನವಲ್ಲ, ದಾನಿಗಳ ವಿನೋದ.

ಇವರಲ್ಲಿ ಕೆಲವರು ಚಿನ್ನದ ಗಣಿಯಲ್ಲಿ ಇಳಿದವರು. ಹೆಚ್ಚಿನವರು ಇಳಿದವರ ಮಕ್ಕಳು. ಆ ಗಣಿಯೇನು ಸಾಮಾನ್ಯದ್ದೇ? 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಬೆಂಗಳೂರಿನ ಬೀದಿಗಳಿಗಿಂತ ಮೊದಲು ಇಲ್ಲಿಗೆ ಹರಿಯಿತು. ಚಾಂಪಿಯನ್ ರೀಫ್ ಗಣಿಯು ಮೂರು ಕಿಲೋಮೀಟರಿಗೂ ಮಿಕ್ಕ ಆಳಕ್ಕೆ ಹೋಯಿತು. ಅಷ್ಟು ಆಳದಲ್ಲಿ ಬಂಡೆಯ ಸದ್ದನ್ನು ಕೇಳಿ ಅದು ಸಿಡಿಯುವುದೋ ಇಲ್ಲವೋ ಎಂದು ಅರಿಯಬಲ್ಲವನು, ಸಿಡಿಮದ್ದನ್ನು ಅಳೆದು ತುಂಬಬಲ್ಲವನು, ಪಂಪುಗಳನ್ನೂ ಎತ್ತುಯಂತ್ರವನ್ನೂ ನಡೆಸಬಲ್ಲವನು ಅನಕ್ಷರಸ್ಥನಾಗಿದ್ದರೂ ಅವಿದ್ಯಾವಂತನೆನಿಸಲಾರನು. 2001ನೆಯ ಫೆಬ್ರವರಿ 28ರಂದು ಗಣಿಯು ಮುಚ್ಚಿತು. ಮಾರನೆಯ ದಿನ ಅದೇ ಮನುಷ್ಯನು ನಗರಕ್ಕೆ ಹೋಗಿ ನಿಂತಾಗ, ಕೈಯಲ್ಲಿ ಪ್ರಮಾಣಪತ್ರವಿಲ್ಲವಾಗಿ, ‘ಕುಶಲತೆಯಿಲ್ಲದವನು’ ಎಂಬ ಪಟ್ಟಿಗೆ ಸೇರಿದನು. ಅವನ ವಿದ್ಯೆಯು ಮರೆತುಹೋಗಿರಲಿಲ್ಲ. ಅದನ್ನು ಅಳೆಯುವ ಕೊಳಗ ಮಾತ್ರ ಯಾರಲ್ಲಿಯೂ ಇರಲಿಲ್ಲ.

ಈ ಮುಚ್ಚುವಿಕೆಯು ಸಿಡಿಲಿನಂತೆ ಎರಗಿದ್ದೂ ಅಲ್ಲ. 1992ರಲ್ಲಿಯೇ ಆ ಸಂಸ್ಥೆಯು ರೋಗಗ್ರಸ್ತ ಉದ್ಯಮಗಳ ಮಂಡಲಿಯ ಮುಂದೆ ಬಂದಿತ್ತು. ಎಂಟು ವರ್ಷಗಳೆಂದರೆ ಒಬ್ಬ ಹುಡುಗನು ಒಂದನೆಯ ತರಗತಿಯಿಂದ ಎಂಟನೆಯದನ್ನು ಮುಗಿಸುವಷ್ಟು ಕಾಲ. ಕೆಲಸವಿದ್ದಾಗಲೇ, ಸಂಬಳ ಬರುತ್ತಿದ್ದಾಗಲೇ, ಹಗಲು ಹೊತ್ತಿನಲ್ಲಿಯೇ ಇನ್ನೊಂದು ಕಸಬನ್ನು ಕಲಿಯುವುದಕ್ಕೆ ಅಷ್ಟು ಅವಧಿಯು ಸಾಲದೇ? ನನ್ನ ವಾದವೆಲ್ಲವೂ ಇಷ್ಟೇ: ದುಡಿಯುವವನ ಕಲಿಕೆಗೆ ದುಡಿಮೆಯ ಹೊತ್ತಿನಲ್ಲಿಯೇ ಪಾಲು ಸಿಕ್ಕಬೇಕು, ಉಳಿದ ನಿದ್ದೆಯಲ್ಲಿ ಅಲ್ಲ.

‘ಈಗ ಕಾನೂನು ಬಂದಿದೆಯಲ್ಲ’ ಎನ್ನುವರು. ಬಂದಿದೆ, ನಿಜ. 2020ರ ಕೈಗಾರಿಕಾ ಸಂಬಂಧಗಳ ಸಂಹಿತೆಯು 2025ನೆಯ ನವೆಂಬರ್ 21ರಿಂದ ಜಾರಿಯಲ್ಲಿದೆ. ಕೆಲಸದಿಂದ ಕಡಿತಗೊಂಡವನಿಗೆ ಹೊಸ ಕೌಶಲವನ್ನು ಕಲಿಯುವ ಸಲುವಾಗಿ ಹದಿನೈದು ದಿನಗಳ ಕೂಲಿಯನ್ನು 45 ದಿನಗಳೊಳಗಾಗಿ ಅವನ ಲೆಕ್ಕಕ್ಕೆ ಜಮಾ ಮಾಡಬೇಕೆಂದು ಅದರಲ್ಲಿ ವಿಧಿಸಿದೆ. ಹದಿನೈದು ದಿನಗಳು! ಅಷ್ಟರಲ್ಲಿ ಸೈಕಲ್ ಕಲಿಯಬಹುದು. ಆ ಹಣವಾದರೂ ಬಾಡಿಗೆಗೂ ಅಕ್ಕಿಗೂ ಹೋಗುವುದೆಂಬುದನ್ನು ಸಂಸಾರ ಬಲ್ಲ ಯಾರು ತಾನೆ ಅರಿಯರು? ಗುತ್ತಿಗೆಯ ಅವಧಿ ಮುಗಿದು ಮನೆಗೆ ಹೋಗುವವನನ್ನು ಕಡಿತಗೊಂಡವನೆಂದು ಎಣಿಸುವಂತಿಲ್ಲವಾಗಿ, ಅವನಿಗೆ ಅದೂ ಇಲ್ಲ. ಮನೆಗೆ ಬೆಂಕಿ ಬಿದ್ದ ಮೇಲೆ ಬಾವಿ ತೋಡಲು ಒಂದು ಗುದ್ದಲಿಯನ್ನು ಕೊಟ್ಟಂತಾಯಿತು.

ಇದು ನನ್ನೊಬ್ಬನ ಹುಚ್ಚು ಕಲ್ಪನೆಯೂ ಅಲ್ಲ. ಫ್ರಾನ್ಸ್ ದೇಶದವರು 1971ರಲ್ಲಿಯೇ ಕಲಿಕೆಯ ರಜೆಯ ಹಕ್ಕನ್ನು ಶಾಸನ ಮಾಡಿ, ಅದರ ವೆಚ್ಚದಲ್ಲಿ ಮಾಲೀಕರಿಗೂ ಪಾಲು ಹಾಕಿದರು. 1974ರಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯು ಸಂಬಳಸಹಿತ ಶಿಕ್ಷಣ ರಜೆಯನ್ನು ಕುರಿತು 140ನೆಯ ಒಡಂಬಡಿಕೆಯನ್ನು ಮಾಡಿತು. ವೃತ್ತಿಶಿಕ್ಷಣಕ್ಕೆ ಸಂಬಂಧಿಸಿದ 142ನೆಯದಕ್ಕೆ ನಮ್ಮ ದೇಶವು 2009ರಲ್ಲಿ ಒಪ್ಪಿಗೆ ಕೊಟ್ಟಿತು, 140ನೆಯದಕ್ಕೆ ಕೊಟ್ಟಿಲ್ಲ. ಕಲಿಸುವೆವೆನ್ನಲು ಸಿದ್ಧ, ಹೊತ್ತು ಕೊಡಲು ಸಿದ್ಧವಲ್ಲ ಎಂದಲ್ಲದೆ ಇದಕ್ಕೆ ಬೇರೆ ಅರ್ಥವನ್ನು ನಾನು ಕಾಣೆ.

ಹಿಂದಿನವರಿಗೆ ಈ ವಿವೇಕವಿತ್ತು. ಡೆನ್ಮಾರ್ಕಿನಲ್ಲಿ 1844ರಲ್ಲಿ ರೊಡಿಂಗ್ ಎಂಬಲ್ಲಿ ಆರಂಭವಾದ ಜನತಾಶಾಲೆಯ ಪರಂಪರೆಯಲ್ಲಿ ರೈತರ ಪಾಠಗಳು ಹೊಲದ ಕೆಲಸವಿಲ್ಲದ ಚಳಿಗಾಲದಲ್ಲಿ ನಡೆಯುತ್ತಿದ್ದುವು. ಅದೇ ಮಾದರಿಯನ್ನು ಅನುಸರಿಸಿ ಮೈಸೂರಿನ ವಯಸ್ಕರ ಶಿಕ್ಷಣ ಸಮಿತಿಯವರು 1947ರಲ್ಲಿ ನಂಜನಗೂಡಿನಲ್ಲಿ ವಿದ್ಯಾಪೀಠವನ್ನು ಸ್ಥಾಪಿಸಿ, ಹಳ್ಳಿಯ ತರುಣರನ್ನು ಅಲ್ಲಿಯೇ ಇರಿಸಿಕೊಂಡು ಕಲಿಸಿದರು. ಕಲಿಯುವವನ ಬಿಡುವಿಗೆ ಶಾಲೆಯು ಬಾಗಿತೇ ಹೊರತು, ಅವನ ಬೆನ್ನು ಬಾಗಲಿಲ್ಲ.

ಚಿಕ್ಕ ಮಾಲೀಕನು ಈ ಹೊರೆಯನ್ನು ಹೇಗೆ ತಾಳುವನೆಂಬ ಆಕ್ಷೇಪಣೆಯಲ್ಲಿ ಹುರುಳುಂಟು. ಒಬ್ಬೊಬ್ಬನ ಮೇಲೆ ಹೊರಿಸದೆ, ಎಲ್ಲ ಮಾಲೀಕರಿಂದಲೂ ಅವರವರು ಕೊಡುವ ಸಂಬಳಕ್ಕೆ ತಕ್ಕಂತೆ ಸಾಮಾನ್ಯ ನಿಧಿಯೊಂದಕ್ಕೆ ಎತ್ತಿದರೆ ಅದು ಪರಿಹಾರವಾದೀತು. ಆದರೆ ಮಾಲೀಕನೆಂದರೆ ಯಾರು? ಈ ಪತ್ರಿಕೆಯನ್ನು ಓದುವ ಮನೆಗಳಲ್ಲಿ ಅಡಿಗೆಯವರೂ ಚಾಲಕರೂ ಇರುವರು. ನನ್ನ ಮನೆಯಲ್ಲಿ ಹನ್ನೊಂದು ವರ್ಷಗಳಿಂದ ಅಡಿಗೆ ಮಾಡುತ್ತಿರುವಾಕೆಯನ್ನು ‘ನಿನಗೆ ಏನನ್ನಾದರೂ ಕಲಿಯುವ ಆಸೆಯುಂಟೇ’ ಎಂದು ಮೊನ್ನೆ ಕೇಳಿದೆನು. ಹೊಲಿಗೆಯಂತ್ರದ ಕೆಲಸವನ್ನು ಕಲಿಯಬೇಕೆಂದಿರುವಳಂತೆ. ತರಗತಿಯು ಬೆಳಗ್ಗೆ ಹತ್ತು ಘಂಟೆಗಂತೆ. ಆ ಹೊತ್ತಿಗೆ ನನ್ನ ಊಟವಂತೆ. ಹನ್ನೊಂದು ವರ್ಷ ನಾನು ಕೇಳಿರಲೇ ಇಲ್ಲ. ಸಭೆಯಲ್ಲಿ ಏರುಗಂಟಲಿನಲ್ಲಿ ಮಾತನಾಡಿ ಬಂದವನಿಗೆ ಆ ದಿನ ಅನ್ನ ಇಳಿಯಲಿಲ್ಲ.

ಆದಕಾರಣ ಮುಂದಿನ ಸಭೆಯಲ್ಲಿ ಈ ಗೊತ್ತುವಳಿಯನ್ನು ಮಂಡಿಸುವೆನು: ಸಂಘದ ಸದಸ್ಯರಲ್ಲಿ ಯಾರು ಯಾರನ್ನು ಕೆಲಸಕ್ಕಿಟ್ಟುಕೊಂಡಿರುವರೋ ಅವರು ವಾರಕ್ಕೆ ಎರಡು ಅರ್ಧ ದಿನಗಳನ್ನು, ಸಂಬಳ ಹಿಡಿಯದೆ, ಕಲಿಕೆಗೆ ಬಿಟ್ಟುಕೊಡತಕ್ಕದ್ದು, ಶಾಲೆಯನ್ನು ಹಗಲಿನಲ್ಲಿ, ನಮ್ಮ ವಾಚನಾಲಯದಲ್ಲಿ ತೆರೆಯತಕ್ಕದ್ದು. ಅನುಮೋದಿಸುವವರು ಮುಂಚಿತವಾಗಿ ಕಾರ್ಯದರ್ಶಿಗಳಿಗೆ ಹೆಸರು ಕೊಡಬೇಕಾಗಿ ಪ್ರಾರ್ಥನೆ. ನಮ್ಮ ಮನೆಯಲ್ಲಿ ಊಟದ ಹೊತ್ತು ಈಗ ಮಧ್ಯಾಹ್ನ ಎರಡು ಘಂಟೆಗೆ.