ಹುಂಡಿ ಲೆಕ್ಕ ಗೊತ್ತಾಗುತ್ತೆ, ಸಂಘದ ಲೆಕ್ಕ?

ನಂಜನಗೂಡಿನ ಶ್ರೀಕಂಠೇಶ್ವರ ಸ್ವಾಮಿ ದೇವಸ್ಥಾನದ ಹುಂಡಿ ಎಣಿಸಿದರೆ, ಎಷ್ಟು ಹಣ ಬಂತೆಂದು ಪೇಪರಿನಲ್ಲಿ ಓದುತ್ತೇವೆ. ಊರಿನ ಸಂಘಕ್ಕೆ ನಾವೇ ಕೊಟ್ಟ 500 ರೂಪಾಯಿ ಏನಾಯಿತೆಂದು ಕೇಳಲು ಮಾತ್ರ ಸಂಕೋಚ. ಕೇಳಿದರೆ, 'ನಮ್ಮ ಮೇಲೆ ಅನುಮಾನವಾ?' ಅಂತಾರೆ.

ಅನುಮಾನವಲ್ಲ, ಕಾನೂನೇ ಹಾಗಿದೆ. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960ರ ಪ್ರಕಾರ, ನೋಂದಾಯಿತ ಸಂಘ ವರ್ಷಕ್ಕೊಮ್ಮೆ ಮಹಾಸಭೆ ಕರೆಯಬೇಕು. ಅದಾದ 14 ದಿನದೊಳಗೆ ಆಡಿಟ್ ಆದ ಜಮಾ-ಖರ್ಚು ಮತ್ತು ಆಡಳಿತ ಮಂಡಳಿಯ ಪಟ್ಟಿಯನ್ನು ನೋಂದಣಾಧಿಕಾರಿಗೆ ಕೊಡಬೇಕು.

ನಂಜನಗೂಡು, ತಿ. ನರಸೀಪುರದ ಸಂಘಗಳ ಈ ಕಾಗದ ಹೋಗುವುದು ಮೈಸೂರಿನ ಕಚೇರಿಗೆ. ಮಾಹಿತಿ ಹಕ್ಕಿನಡಿ 10 ರೂಪಾಯಿ ಕಟ್ಟಿ ನಾವು ಅದನ್ನು ಕೇಳಬಹುದು. 30 ದಿನದೊಳಗೆ ಉತ್ತರ ಕೊಡಬೇಕು. ಆದರೆ ಪಕ್ಕದ ಬೀದಿಯ ಸಂಘದ ಲೆಕ್ಕ ತಿಳಿಯಲು ಹುಲ್ಲಹಳ್ಳಿಯವರೋ ಮೂಗೂರಿನವರೋ ಮೈಸೂರಿಗೆ ಅರ್ಜಿ ಯಾಕೆ ಹಾಕಬೇಕು?

ಸಂಘದ ಅಣ್ಣಂದಿರೇ, ಅಕ್ಕಂದಿರೇ, ಮೈಸೂರಿಗೆ ಕಳಿಸುವ ಲೆಕ್ಕದ ಒಂದು ಜೆರಾಕ್ಸ್ ಪ್ರತಿಯನ್ನು ಹಾಲಿನ ಡೈರಿ ಗೋಡೆಗೆ ಅಂಟಿಸಿ, ಊರಿನ ವಾಟ್ಸಾಪ್ ಗುಂಪಿಗೂ ಹಾಕಿ. ಬಂದದ್ದೆಷ್ಟು, ಹೋದದ್ದೆಷ್ಟು, ಉಳಿದದ್ದೆಷ್ಟು, ಅಷ್ಟೇ ಸಾಕು. ಪ್ರಾಮಾಣಿಕವಾಗಿ ದುಡಿಯುವ ಸಂಘಕ್ಕೆ ಇದರಿಂದ ನಷ್ಟವಿಲ್ಲ. ಲೆಕ್ಕ ಕಾಣದ ಕಡೆ ಗುಸುಗುಸು ಹುಟ್ಟುತ್ತೆ. ಮುಂದಿನ ಸಲ ಒಳ್ಳೆಯ ಸಂಘಕ್ಕೂ ಯಾರೂ ಕೈ ಎತ್ತಿ ಕೊಡುವುದಿಲ್ಲ.