ಮುಚ್ಚಳ ಮುಚ್ಚಿದರೆ ಮಲಗಬೇಕು: ಲಿನಕ್ಸ್ ಲ್ಯಾಪ್‌ಟಾಪ್ ಬಳಕೆದಾರರ ಹಕ್ಕೊತ್ತಾಯ ಪತ್ರ

ಇವರಿಗೆ: ಲ್ಯಾಪ್‌ಟಾಪ್ ತಯಾರಕರು, ಚಿಪ್ ಕಂಪನಿಗಳು, ಲಿನಕ್ಸ್ ವಿತರಣೆಗಳನ್ನು ಸಿದ್ಧಪಡಿಸುವವರು, ಮಾರಾಟಗಾರರು ಮತ್ತು ಸರ್ವಿಸ್ ಸೆಂಟರಿನವರು

ವಿಷಯ: ಸ್ಲೀಪ್ ಮತ್ತು ಹೈಬರ್ನೇಶನ್ ತೊಂದರೆಗಳ ಹೊಣೆ ಹೊರುವ ಬಗ್ಗೆ

ಮಾನ್ಯರೇ,

ಲ್ಯಾಪ್‌ಟಾಪ್ ಮಲಗುವುದಿಲ್ಲ, ಮಲಗಿದರೆ ಏಳುವುದಿಲ್ಲ, ಎದ್ದರೆ ವೈಫೈ ಇರುವುದಿಲ್ಲ. ಈ ದೂರು ಹೊತ್ತು ಯಾರ ಬಾಗಿಲಿಗೆ ಹೋದರೂ ಪಕ್ಕದ ಬಾಗಿಲು ತೋರಿಸುತ್ತಾರೆ. ತಯಾರಕರು ‘ಅದು ಲಿನಕ್ಸ್ ಸಮಸ್ಯೆ’ ಅನ್ನುತ್ತಾರೆ. ವಿತರಣೆಯವರು ಕರ್ನಲ್ ಕಡೆ ಬೆರಳು ಮಾಡುತ್ತಾರೆ. ಕರ್ನಲ್ ಬರೆಯುವವರು ‘ಬಯೋಸ್ ಸರಿ ಇಲ್ಲ’ ಅನ್ನುತ್ತಾರೆ. ಹಲವು ಸಲ ಅವರ ಮಾತೇ ನಿಜ. ಸರ್ವಿಸ್ ಸೆಂಟರಿನವರದು ಒಂದೇ ಮಂತ್ರ: ‘ವಿಂಡೋಸ್ ಹಾಕಿ ನೋಡಿ ಸಾರ್.’ ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಅನ್ನುವ ಹಾಗೆ ನಿಮ್ಮ ನಿಮ್ಮ ವಾದದ ನಡುವೆ ಖಾಲಿಯಾಗುತ್ತಿರುವುದು ನಮ್ಮ ಬ್ಯಾಟರಿ.

ನಮ್ಮ ಅಹವಾಲು ದೂರದ ದೇಶಕ್ಕೇನೂ ಹೋಗಬೇಕಿಲ್ಲ. ಚಿಪ್ ಕಂಪನಿ ಎಎಂಡಿ ತನ್ನ ಅತಿ ದೊಡ್ಡ ವಿನ್ಯಾಸ ಕೇಂದ್ರವನ್ನು 2023ರ ನವೆಂಬರಿನಲ್ಲಿ ಬೆಂಗಳೂರಿನಲ್ಲೇ ತೆರೆಯಿತು. ಇಂಟೆಲ್ ಅದಕ್ಕೂ ಬಹಳ ಮೊದಲಿನಿಂದ ಇಲ್ಲಿದೆ. ಆದ್ದರಿಂದ ಈ ಕೆಳಗಿನದನ್ನು ಆಗ್ರಹಿಸುತ್ತೇವೆ.

1. ಯಾವ ಬಗೆಯ ನಿದ್ದೆ ಎಂಬುದನ್ನು ಡಬ್ಬಿಯ ಮೇಲೆ ಬರೆಯಿರಿ.

1996ರ ಡಿಸೆಂಬರಿನಲ್ಲಿ ಇಂಟೆಲ್, ಮೈಕ್ರೋಸಾಫ್ಟ್ ಮತ್ತು ತೋಷಿಬಾ ಸೇರಿ ಹೊರತಂದ, ವಿದ್ಯುತ್ ನಿರ್ವಹಣೆಯ ಎಸಿಪಿಐ ನಿಯಮಾವಳಿಯಲ್ಲಿ ಯಂತ್ರದ ನಿದ್ದೆಗೆ ಸ್ಪಷ್ಟ ಹಂತಗಳಿದ್ದವು. ಎಸ್3 ಅಂದರೆ ರ‍್ಯಾಮಿಗೆ ಮಾತ್ರ ಕರೆಂಟು, ಉಳಿದದ್ದೆಲ್ಲ ಹೆಚ್ಚುಕಡಿಮೆ ಬಂದ್. ಎಸ್4 ಅಂದರೆ ರ‍್ಯಾಮಿನಲ್ಲಿದ್ದದ್ದನ್ನು ಡಿಸ್ಕಿಗೆ ಬರೆದು ಯಂತ್ರ ಪೂರ್ತಿ ಆಫ್, ಇದೇ ಹೈಬರ್ನೇಶನ್. ಈಚಿನ ಅನೇಕ ಲ್ಯಾಪ್‌ಟಾಪ್‌ಗಳಲ್ಲಿ ಎಸ್3 ಕಾಣೆಯಾಗಿದೆ. ಅದರ ಜಾಗಕ್ಕೆ ಬಂದಿರುವುದು ಅರೆ ಎಚ್ಚರದ ಪದ್ಧತಿ: ವಿಂಡೋಸಿನಲ್ಲಿ ಮಾಡರ್ನ್ ಸ್ಟ್ಯಾಂಡ್‌ಬೈ, ಲಿನಕ್ಸಿನಲ್ಲಿ ಎಸ್2ಐಡಲ್. ಕೊಳ್ಳುವವರಿಗೆ ಇದನ್ನು ಯಾರೂ ಹೇಳುವುದಿಲ್ಲ. ದುಡ್ಡು ಕೊಟ್ಟು ಮನೆಗೆ ತಂದ ಮೇಲೆ ಟರ್ಮಿನಲ್ ತೆರೆದು, ‘ಸಿಸ್’ ಫೋಲ್ಡರಿನೊಳಗೆ ‘ಪವರ್’, ಅದರೊಳಗಿನ ‘ಮೆಮ್ ಸ್ಲೀಪ್’ ಎಂಬ ಫೈಲು ಓದಿದರೆ ಗುಟ್ಟು ಹೊರಬೀಳುತ್ತದೆ. ‘ಡೀಪ್’ ಎಂಬ ಪದ ಅಲ್ಲಿದ್ದರೆ ಎಸ್3 ಇದೆ. ಚೌಕ ಕಂಸದೊಳಗೆ ಇರುವುದು ಸದ್ಯ ಚಾಲ್ತಿಯಲ್ಲಿರುವ ಬಗೆ. ‘ಎಸ್2ಐಡಲ್’ ಒಂದೇ ಇದ್ದರೆ ಫರ್ಮ್‌ವೇರ್ (ಅಂದರೆ ಬಯೋಸ್) ಎಸ್3ರ ದಾರಿಯನ್ನೇ ಮುಚ್ಚಿದೆ. ಆಮೇಲೆ ಬೂಟ್ ಸಾಲಿಗೆ ‘ಡೀಪ್’ ಎಂದು ಎಷ್ಟು ಸಲ ಸೇರಿಸಿದರೂ ಉಪಯೋಗವಿಲ್ಲ.

2. ಎಸ್3 ಕೊಡಬಲ್ಲ ಯಂತ್ರದಲ್ಲಿ ಅದನ್ನು ಬಚ್ಚಿಡಬೇಡಿ. ಬಯೋಸಿನಲ್ಲಿ ಆಯ್ಕೆ ಕೊಡಿ.

ಇದು ಆಗದ ಕೆಲಸವೇನಲ್ಲ. 2018ರಲ್ಲಿ ಲೆನೊವೊದ ಥಿಂಕ್‌ಪ್ಯಾಡ್ ಎಕ್ಸ್1 ಕಾರ್ಬನ್ ಆರನೇ ಆವೃತ್ತಿ ಎಸ್3 ಇಲ್ಲದೆ ಮಾರುಕಟ್ಟೆಗೆ ಬಂತು. ಬಳಕೆದಾರರೇ ಬಯೋಸಿನ ಎಸಿಪಿಐ ಕೋಷ್ಟಕವನ್ನು ಬಿಚ್ಚಿ, ತಿದ್ದಿ, ಬೂಟ್ ಆಗುವಾಗ ತಿದ್ದಿದ್ದನ್ನು ತುಂಬಿಕೊಳ್ಳುವಂತೆ ಮಾಡಿಕೊಂಡರು. ಅದೇ ವರ್ಷ ಕಂಪನಿ ಬಯೋಸ್ ಅಪ್‌ಡೇಟ್ ಹೊರಡಿಸಿತು. ‘ಸ್ಲೀಪ್ ಸ್ಟೇಟ್’ ಎಂಬಲ್ಲಿ ‘ವಿಂಡೋಸ್ 10’ ಪಕ್ಕದಲ್ಲಿ ‘ಲಿನಕ್ಸ್’ ಎಂಬ ಆಯ್ಕೆಯೂ ಬಂತು. ಒಬ್ಬರಿಂದ ಆದದ್ದು ಉಳಿದವರಿಂದ ಯಾಕಾಗದು?

ಇಲ್ಲೊಂದು ಮಾತು. ‘ನೀನು ಯಾವ ಸಿಸ್ಟಮ್ಮು’ ಎಂದು ಫರ್ಮ್‌ವೇರ್ ಕೇಳಿದಾಗ ಲಿನಕ್ಸ್ ಕರ್ನಲ್ ಇವತ್ತಿಗೂ ‘ವಿಂಡೋಸ್’ ಎಂದೇ ಉತ್ತರಿಸುತ್ತದೆ. ತಯಾರಕರು ಪರೀಕ್ಷೆ ಮಾಡಿರುವುದು ಆ ದಾರಿಯೊಂದನ್ನೇ ಎಂಬುದು ಅದಕ್ಕೆ ಗೊತ್ತು. ನಿಜ ಹೇಳಿದರೆ ಕೆಡುವ ಯಂತ್ರವನ್ನು ನಮಗೆ ಮಾರಬೇಡಿ.

3. ಅರೆ ಎಚ್ಚರದ ನಿದ್ದೆಯನ್ನೇ ಕೊಡುವುದಾದರೆ, ಮಾರುವ ಮೊದಲು ಲಿನಕ್ಸಿನಲ್ಲಿ ಒಂದು ರಾತ್ರಿ ಮಲಗಿಸಿ ನೋಡಿ.

ಎಸ್2ಐಡಲ್‌ನಲ್ಲಿ ಬ್ಯಾಟರಿ ಉಳಿಯಬೇಕಾದರೆ ಯಂತ್ರದ ಪ್ರತಿಯೊಂದು ಭಾಗವೂ ತನ್ನ ಕರೆಂಟು ಬಿಟ್ಟುಕೊಡಬೇಕು. ಒಂದು ಎನ್‌ವಿಎಂಇ ಡಿಸ್ಕೋ, ಒಂದು ಯುಎಸ್‌ಬಿ ಕಂಟ್ರೋಲರೋ ಹಟ ಹಿಡಿದು ಎಚ್ಚರವಿದ್ದರೆ ಇಡೀ ಚಿಪ್ ಆಳದ ಹಂತಕ್ಕೆ ಇಳಿಯುವುದೇ ಇಲ್ಲ. ಪರದೆ ಕಪ್ಪಾಗಿರುತ್ತದೆ, ದೀಪ ನಿಧಾನವಾಗಿ ಮಿನುಗುತ್ತಿರುತ್ತದೆ, ನೋಡಿದವರು ಮಲಗಿದೆ ಅಂದುಕೊಳ್ಳುತ್ತಾರೆ. ಮೆಜೆಸ್ಟಿಕ್‌ನಲ್ಲಿ ಹುಬ್ಬಳ್ಳಿ ಬಸ್ಸು ಹತ್ತಿ ತುಮಕೂರು ದಾಟುವಷ್ಟರಲ್ಲಿ ತೊಡೆಯ ಮೇಲಿನ ಬ್ಯಾಗು ಬಿಸಿಯಾಗಿ, ಫ್ಯಾನಿನ ಸದ್ದಿಗೆ ಪಕ್ಕದ ಸೀಟಿನವರು ತಿರುಗಿ ನೋಡಿದಾಗ ನಿಜಸ್ಥಿತಿ ತಿಳಿಯುತ್ತದೆ.

ಅಳೆಯುವ ಸಾಧನ ಇಲ್ಲದೇ ಇಲ್ಲ. ಚಿಪ್ ಆಳದ ನಿದ್ದೆಯಲ್ಲಿ ಕಳೆದ ಸಮಯವನ್ನು ಇಂಟೆಲ್ ಯಂತ್ರಗಳಲ್ಲಿ ಕರ್ನಲ್‌ನ ಡೀಬಗ್ ಫೋಲ್ಡರಿನ ಕೌಂಟರೊಂದು ಎಣಿಸುತ್ತದೆ. ಮಲಗಿಸುವ ಮುಂಚೆ ಒಮ್ಮೆ, ಎದ್ದ ಮೇಲೆ ಒಮ್ಮೆ ಓದಿದಾಗ ಅಂಕಿ ಕದಲದಿದ್ದರೆ ಯಂತ್ರ ನಿಜವಾಗಿ ಮಲಗಿಲ್ಲ. ಎಎಂಡಿ ಯಂತ್ರಗಳಿಗೆ, ಏನು ಅಡ್ಡ ಬಂತೆಂದು ತಪಾಸಣೆ ಮಾಡಿ ಹೇಳುವ ಪೈಥಾನ್ ಸ್ಕ್ರಿಪ್ಟೇ ಇದೆ. ನಮ್ಮ ಒತ್ತಾಯ ಇಷ್ಟು: ರಾತ್ರಿಯೆಲ್ಲ ಮಲಗಿಸಿದರೆ ಶೇಕಡಾ ಎಷ್ಟು ಬ್ಯಾಟರಿ ಇಳಿಯುತ್ತದೆ ಎಂಬುದನ್ನು ಪ್ರತಿ ಮಾದರಿಗೂ ನೀವೇ ಪ್ರಕಟಿಸಿ.

4. ಎಬ್ಬಿಸಿದ್ದು ಯಾರು, ಏಳಲು ಬಿಡದಿದ್ದವರು ಯಾರು ಎಂಬುದನ್ನು ಪರದೆಯ ಮೇಲೆ ತೋರಿಸಿ.

ಯಂತ್ರವನ್ನು ಎಬ್ಬಿಸುವ ಅಧಿಕಾರ ಯಾರ್‍ಯಾರಿಗಿದೆ ಎಂಬ ಪಟ್ಟಿ ‘ಪ್ರೋಕ್’ ಫೋಲ್ಡರಿನಲ್ಲಿದೆ. ಆದರೆ ಅಲ್ಲಿರುವುದು ‘ಎಕ್ಸ್‌ಎಚ್‌ಸಿ’, ‘ಆರ್‌ಪಿ05’ ಎಂಬಂಥ ಸಂಕೇತಗಳು. ‘ಎಕ್ಸ್‌ಎಚ್‌ಸಿ’ ಅಂದರೆ ಯುಎಸ್‌ಬಿ ಎಂದೂ, ಮೇಜು ಅಲುಗಿದಾಗ ಕದಲಿದ ಮೌಸ್ ಯಂತ್ರವನ್ನು ಎಬ್ಬಿಸಿದೆ ಎಂದೂ ಊಹಿಸುವುದು ಬಳಕೆದಾರರ ಕೆಲಸವಲ್ಲ. ‘ಕೊನೆಯ ಸಲ ಎಬ್ಬಿಸಿದ್ದು: ಮೌಸ್’ ಎಂದು ಸೆಟ್ಟಿಂಗ್ಸ್‌ನಲ್ಲಿ ಒಂದು ಸಾಲು ಬರಲಿ.

ಏಳದೆ ಹೋದ ಯಂತ್ರದ ಪಾಡು ಇನ್ನೂ ವಿಚಿತ್ರ. ಡಿಸ್ಕು, ಪರದೆ ಎರಡೂ ಸತ್ತಿರುವಾಗ ಎಲ್ಲಿ ಸಿಕ್ಕಿಬಿದ್ದೆ ಎಂದು ಬರೆದಿಡಲು ಕರ್ನಲ್‌ಗೆ ಜಾಗವೇ ಇರುವುದಿಲ್ಲ. ಅದಕ್ಕೆ ‘ಪಿಎಂ ಟ್ರೇಸ್’ ಎಂಬ ಸೌಲಭ್ಯ ಕೊನೆಯ ಹೆಜ್ಜೆಯ ಗುರುತನ್ನು ಯಂತ್ರದ ಗಡಿಯಾರದಲ್ಲಿ ಬಚ್ಚಿಡುತ್ತದೆ. ತಡಮಾಡದೆ ರೀಬೂಟ್ ಮಾಡಿದರೆ ದಿನಾಂಕ ಎಲ್ಲೆಲ್ಲೋ ಹಾರಿರುತ್ತದೆ, ಆದರೆ ಕೈಕೊಟ್ಟ ಡ್ರೈವರಿನ ಸುಳಿವು ಕರ್ನಲ್ ಲಾಗ್‌ನಲ್ಲಿ ಸಿಗುತ್ತದೆ. ಜಾಣತನಕ್ಕೆ ನಮಸ್ಕಾರ. ಆದರೆ ಪ್ರಬಂಧ ಬರೆಯುತ್ತಿರುವ ವಿದ್ಯಾರ್ಥಿ ಗಡಿಯಾರ ಕೆಡಿಸಿಕೊಂಡು ದೋಷ ಹುಡುಕಬೇಕೆಂದು ಹೇಳುವುದು ನ್ಯಾಯವಲ್ಲ.

5. ಹೈಬರ್ನೇಶನ್ ಕೊಡುವುದಿದ್ದರೆ ಪೂರ್ತಿ ಕೊಡಿ. ಇಲ್ಲದಿದ್ದರೆ ಇಲ್ಲವೆಂದು ಬಾಯಿಬಿಟ್ಟು ಹೇಳಿ.

ಉಬುಂಟು 2012ರ 12.04 ಆವೃತ್ತಿಯಲ್ಲೇ ಹೈಬರ್ನೇಶನ್ನನ್ನು ಮೆನುವಿನಿಂದ ತೆಗೆದಿತ್ತು. 2020ರ ಫೆಡೋರಾ 33ರಿಂದ, ಹೈಬರ್ನೇಶನ್ ಬರೆದಿಡುವ ಸ್ವಾಪ್ ಜಾಗ ಇರುವುದು ರ‍್ಯಾಮಿನ ಒಳಗೇ. ಕರೆಂಟು ಹೋದರೆ ಅಳಿಸಿಹೋಗುವ ಜಾಗಕ್ಕೆ ಹೈಬರ್ನೇಟ್ ಆಗುವುದು ಹೇಗೆ? ಸೆಕ್ಯೂರ್ ಬೂಟ್ ಆನ್ ಇದ್ದರೆ ಹಲವು ವಿತರಣೆಗಳ ಕರ್ನಲ್ ‘ಲಾಕ್‌ಡೌನ್’ಗೆ ಹೋಗಿ ಹೈಬರ್ನೇಶನ್ನನ್ನೇ ತಡೆಯುತ್ತದೆ. ಡಿಸ್ಕಿನಲ್ಲಿ ಬರೆದಿಟ್ಟದ್ದನ್ನು ಯಾರಾದರೂ ತಿದ್ದಿಯಾರು ಎಂಬ ಭಯ ಸರಿಯಾದದ್ದೇ. ಆದರೆ ಕಾರಣ ಹೇಳದೆ ಮೆನುವಿನಿಂದ ಮಾಯ ಮಾಡುವುದು ಸರಿಯಲ್ಲ.

ಇನ್‌ಸ್ಟಾಲ್ ಮಾಡುವಾಗಲೇ ‘ಹೈಬರ್ನೇಶನ್ ಬೇಕೆ’ ಎಂದು ಕೇಳಿ, ತಕ್ಕಷ್ಟು ಸ್ವಾಪ್ ಕೊಡಿ. ಬರೆಯಬೇಕಾದ ಪ್ರಮಾಣವನ್ನು ಕರ್ನಲ್ ರ‍್ಯಾಮಿನ ಐದರಲ್ಲಿ ಎರಡು ಪಾಲಿಗೆ ಇಳಿಸಲು ನೋಡುತ್ತದೆ; 16 ಜಿಬಿ ಇದ್ದರೆ ಸುಮಾರು 6.4 ಜಿಬಿ. ಎರಡು ಜಿಬಿ ಸ್ವಾಪ್ ಫೈಲ್ ಕೊಟ್ಟು ಕೈ ತೊಳೆದುಕೊಂಡರೆ ಆಗದು. ಬರೆದದ್ದು ಎಲ್ಲಿದೆ ಎಂಬುದು ಬೂಟ್ ಆಗುವಾಗ ತಿಳಿಯದಿದ್ದರೆ ಯಂತ್ರ ಏನೂ ಆಗಿಲ್ಲವೆಂಬಂತೆ ಹೊಸದಾಗಿ ಶುರುವಾಗುತ್ತದೆ, ತೆರೆದಿಟ್ಟ ಕೆಲಸವೆಲ್ಲ ಮಣ್ಣುಪಾಲು. ಈ ವಿಳಾಸವನ್ನು ಯುಇಎಫ್‌ಐ ಒಳಗೆ ತಾನೇ ಬರೆದಿಡುವುದನ್ನು, ಲಿನಕ್ಸನ್ನು ಚಾಲೂ ಮಾಡುವ ಸಿಸ್ಟಂಡಿ ತಂತ್ರಾಂಶ 2023ರಲ್ಲಿ ಕಲಿತಿದೆ. ಎಲ್ಲ ವಿತರಣೆಗಳೂ ಅದನ್ನು ಬಳಸಲಿ.

6. ಎನ್‌ವಿಡಿಯಾ ಗ್ರಾಫಿಕ್ಸ್ ಇರುವ ಯಂತ್ರಗಳಲ್ಲಿ, ಮಲಗುವಾಗ ವಿಡಿಯೊ ಮೆಮೊರಿಯನ್ನು ಕಾಪಾಡುವ ಆಯ್ಕೆ ಮತ್ತು ಅದಕ್ಕೆ ಬೇಕಾದ ಸರ್ವಿಸ್‌ಗಳು ಡ್ರೈವರ್ ಜೊತೆಗೇ ಚಾಲೂ ಆಗಲಿ.

7. ಬಯೋಸ್ ಅಪ್‌ಡೇಟ್‌ಗಳನ್ನು ಎಲ್‌ವಿಎಫ್‌ಎಸ್ ಎಂಬ ಫರ್ಮ್‌ವೇರ್ ಹಂಚಿಕೆ ಸೇವೆಯ ಮೂಲಕ ಲಿನಕ್ಸಿಗೂ ಕೊಡಿ. ನಿದ್ದೆಯ ದೋಷ ತಿದ್ದುವ ಫೈಲು ವಿಂಡೋಸಿನಲ್ಲಿ ಮಾತ್ರ ಓಡುವ ‘ಇಎಕ್ಸ್‌ಇ’ ಆಗಿರಬಾರದು.

8. ಉಬುಂಟು ಹಾಕಿ ಮಾರಿದ ಲ್ಯಾಪ್‌ಟಾಪಿಗೆ ಉಬುಂಟುವಿನಲ್ಲೇ ಸರ್ವಿಸ್ ಕೊಡಿ. ವಾರಂಟಿ ಇರುವಾಗ ‘ವಿಂಡೋಸ್ ಹಾಕಿ ತನ್ನಿ’ ಎಂದು ಗಿರಾಕಿಯನ್ನು ವಾಪಸು ಕಳಿಸುವಂತಿಲ್ಲ.

9. ನಮ್ಮ ಕಡೆಯಿಂದ: ದೂರು ಕೊಡುವಾಗ ಮಾದರಿ ಸಂಖ್ಯೆ, ಬಯೋಸ್ ಮತ್ತು ಕರ್ನಲ್ ಆವೃತ್ತಿ, ‘ಮೆಮ್ ಸ್ಲೀಪ್’ ಫೈಲಿನಲ್ಲಿದ್ದ ಸಾಲು, ಕೆಟ್ಟುಹೋದ ಬೂಟ್‌ನ ಲಾಗ್ ಇಷ್ಟನ್ನೂ ಲಗತ್ತಿಸುತ್ತೇವೆ. ಬೇರೆ ಯಾವುದೋ ಯಂತ್ರಕ್ಕೆ ಹೇಳಿದ ಹತ್ತು ಪ್ಯಾರಾಮೀಟರ್‌ಗಳನ್ನು ಒಟ್ಟಿಗೆ ಸುರಿದುಕೊಂಡು ಬರುವುದಿಲ್ಲ. ಒಂದು ಸಲಕ್ಕೆ ಒಂದನ್ನೇ ಬದಲಿಸಿ ನೋಡಿರುತ್ತೇವೆ.

ಮೊದಲನೆಯ ಮತ್ತು ಎಂಟನೆಯ ಬೇಡಿಕೆಗೆ ಒಂದು ಸಾಲು ಕೋಡ್ ಕೂಡ ಬರೆಯಬೇಕಿಲ್ಲ. ಮುಂದಿನ ಮಾದರಿ ಅಂಗಡಿಗೆ ಬರುವ ಮುಂಚೆ ಅವೆರಡನ್ನು ಜಾರಿಗೆ ತನ್ನಿ. ಉಳಿದವನ್ನು ಯಾವಾಗ ಮಾಡುತ್ತೀರಿ ಎಂಬುದನ್ನು ದಿನಾಂಕ ಹಾಕಿ, ಲಿಖಿತವಾಗಿ ತಿಳಿಸಿ.

ಇಂತಿ,
ಲಿನಕ್ಸ್ ಲ್ಯಾಪ್‌ಟಾಪ್ ಬಳಕೆದಾರರು